ಒಂದು ಮುಡಿಗೆ ಎಷ್ಟು ಒಬ್ಬಟ್ಟು

೨೦೨೫ ಡಿಸೆಂಬರ್ ೧೩, ಶನಿವಾರ. ಬೆಳಿಗ್ಗೆ ಮೈಸೂರಿನಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚಾಮುಂಡಿ ಬೆಟ್ಟವನ್ನು ಯಾರೋ ರಾತ್ರೋರಾತ್ರಿ ಎತ್ತಿ ಒಳಗಿಟ್ಟಂತಿತ್ತು. ಎಂಟರ ಹೊತ್ತಿಗೆ ಮಂಜು ಹರಿದು ಎಳೆಬಿಸಿಲು ಬಿತ್ತು. ಹತ್ತರ ಮೇಲೆ ಅದೇ ಬಿಸಿಲು ಚುರುಗುಟ್ಟತೊಡಗಿತು. ಗಾಳಿ ಇರಲಿಲ್ಲ. ಮಳೆಯ ಸುಳಿವೂ ಇರಲಿಲ್ಲ.

ಇಂಥ ಹವೆಯಲ್ಲಿ ಮೈಸೂರಿನಿಂದ ಕೊಳ್ಳೇಗಾಲಕ್ಕೆ ಹೊರಟವರು ಏನು ಮಾಡಬೇಕು? ನೆಟ್ಟಗೆ ತಿರುಮಕೂಡಲು ನರಸೀಪುರದ ರಸ್ತೆ ಹಿಡಿಯಬೇಕು, ಅಲ್ಲೊಂದು ಕಾಫಿ ಕುಡಿಯಬೇಕು, ಊಟದ ಹೊತ್ತಿಗೆ ಕೊಳ್ಳೇಗಾಲ ಸೇರಬೇಕು. ನರಹರಿಯ ಕಾರು ಮಾತ್ರ ದಕ್ಷಿಣಾಭಿಮುಖವಾಗಿ ನಂಜನಗೂಡಿನ ಕಡೆ ಓಡುತ್ತಿತ್ತು. ಚಕ್ರ ಹಿಡಿದು ಕುಳಿತಿದ್ದವನು ನರಹರಿಯೇ. ಆದರೆ ಕಾರು ಯಾವ ಕಡೆಗೆ ತಿರುಗಬೇಕೆಂಬ ನಿರ್ಣಯ ಮದುವೆಯಾದಂದಿನಿಂದಲೂ ಪಕ್ಕದ ಸೀಟಿನಲ್ಲೇ ಆಗುತ್ತ ಬಂದಿತ್ತು.

"ಕೊಳ್ಳೇಗಾಲಕ್ಕೆ ನಂಜನಗೂಡಿನ ಮೇಲೆ ಹೋಗೋದು ಅಂದ್ರೆ ಕೈ ಸುತ್ತಿ ಮೂಗು ಹಿಡಿದ ಹಾಗೆ ಕಣೇ," ಎಂದ ನರಹರಿ.

"ಹಿಡೀರಿ. ಮೂಗು ಎಲ್ಲೂ ಓಡಿಹೋಗಲ್ಲ," ಎಂದಳು ಸಿಂಧು. "ಅಕ್ಕನ ಮೊಮ್ಮಗನ ನಾಮಕರಣ ಇರೋದು ನಾಳೆ. ಇವತ್ತು ಇಡೀ ದಿನ ಕೈಲಿದೆ. ನಂಜನಗೂಡು ನೋಡೋಣ, ನರಸೀಪುರ ನೋಡೋಣ, ಎಲ್ಲೆಲ್ಲಿ ಏನೇನು ಚೆನ್ನಾಗಿರತ್ತೋ ತಿನ್ನೋಣ. ನಾವಿಬ್ರೇ ಹೀಗೆ ಹೊರಟು ಎಷ್ಟು ಕಾಲ ಆಯ್ತು ಹೇಳಿ?"

ನರಹರಿಗೆ ಅನುಮಾನ ಬಂದದ್ದು ಈ ಮಾತಿನಲ್ಲಿದ್ದ ಪ್ರೀತಿಯಿಂದಲ್ಲ. 'ತಿನ್ನೋಣ' ಎಂಬ ಕ್ರಿಯಾಪದದಿಂದ. ಹೋದ ಯುಗಾದಿಯ ಮಾರನೆಯ ದಿನ ಡಾಕ್ಟರು ಅವನ ರಕ್ತದ ವರದಿ ನೋಡಿ "ಸಕ್ಕರೆ ಗಡಿಯಲ್ಲಿದೆ" ಎಂದಿದ್ದರು. ಅಂದಿನಿಂದ ಸಿಂಧು ಆ ಗಡಿಯನ್ನು ಸೈನ್ಯವಿಟ್ಟು ಕಾಯುತ್ತಿದ್ದಳು. ಮನೆಯಲ್ಲಿ 'ತಿನ್ನು' ಎಂಬ ಧಾತು ನಿಷೇಧಾರ್ಥದಲ್ಲಿ ಮಾತ್ರ ಬಳಕೆಯಲ್ಲಿತ್ತು. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ರಾಗಿ ಮುದ್ದೆ, ಸಂಜೆ ರಾಗಿಯ ಬಗ್ಗೆ ಒಂದು ವಿಡಿಯೋ.

ನರಹರಿಯ ಪರಿಚಯವನ್ನು ಇಲ್ಲಿ ಮಾಡಿಕೊಡುವುದು ಉಚಿತ. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ. ವಯಸ್ಸು ಐವತ್ತಕ್ಕೆ ಒಂದು ಕಡಿಮೆ. ಚರಾಸ್ತಿಯೆಂದು ಹೆಮ್ಮೆಯಿಂದ ತೋರಿಸಬಹುದಾದದ್ದು ತಲೆಯ ಮೇಲಿನ ದಟ್ಟ ಕೂದಲು. ಓರಗೆಯವರ ತಲೆಗಳೆಲ್ಲ ಸುಗ್ಗಿ ಮುಗಿದ ಗದ್ದೆಗಳಾಗಿದ್ದಾಗ ನರಹರಿಯ ತಲೆಯೊಂದೇ ನಾಲೆಯ ನೀರು ಕಂಡ ಪೈರಿನಂತೆ ನಳನಳಿಸುತ್ತಿತ್ತು. (ಪೈರಿನ ಬಣ್ಣ ಹದಿನೈದು ದಿನಕ್ಕೊಮ್ಮೆ, ಬಚ್ಚಲಿನ ಅಗುಳಿ ಹಾಕಿಕೊಂಡು, ಬ್ರಷ್ಷಿನಿಂದ ಬಂದದ್ದು ಎಂಬುದು ಬೇರೆ ವಿಷಯ.)

ನಂಜನಗೂಡಿನಲ್ಲಿ ಕಪಿಲಾ ನದಿಯ ಸ್ನಾನಘಟ್ಟದ ಬಳಿ ಕಾರು ನಿಲ್ಲಿಸಿದ್ದಾಯಿತು. ನರಹರಿಯ ಹೊಟ್ಟೆ ಆಗಲೇ ತಾಳ ಹಾಕುತ್ತಿತ್ತು. ಎದುರಿನ ಹೋಟೆಲಿನಿಂದ ಉದ್ದಿನವಡೆಯ ವಾಸನೆ ರಸ್ತೆ ದಾಟಿ ಬಂದು ಅವನ ಕೈಹಿಡಿದು ಎಳೆಯಿತು. ಅಷ್ಟರಲ್ಲಿ ಸಿಂಧು ಕಾರಿನ ಹಿಂಬದಿಯಿಂದ ಒಂದು ಬ್ಯಾಗು ತೆಗೆದಳು. ಅದರಿಂದ ಬಿಳಿ ಪಂಚೆ ಬಂತು, ಉತ್ತರೀಯ ಬಂತು, ಟವೆಲು ಬಂತು, ಕೊನೆಗೆ ಗಂಧದ ಪುಡಿಯ ಒಂದು ಪೊಟ್ಟಣವೂ ಬಂತು.

"ಇದೆಲ್ಲ ಏನು?"

"ಸ್ನಾನಕ್ಕೆ."

"ಯಾರ ಸ್ನಾನ?"

"ನಿಮ್ಮದು. ಮುಡಿ ಕೊಟ್ಟ ಮೇಲೆ ಸ್ನಾನ ಮಾಡ್ದೆ ದೇವಸ್ಥಾನದ ಒಳಗೆ ಹೋಗೋಕಾಗತ್ತಾ?"

ಮಂಜಿನಲ್ಲಿ ಮರೆಯಾಗಿದ್ದ ಬೆಟ್ಟ ಒಮ್ಮೆಗೇ ಎದುರಿಗೆ ಬಂದು ನಿಂತಂತಾಯಿತು. ಸಿಂಧು ಯಾವ ಅಳುಕೂ ಇಲ್ಲದೆ ಸಂಗತಿಯನ್ನು ವಿವರಿಸಿದಳು. ಎರಡು ವರ್ಷದ ಹಿಂದೆ ನರಹರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿ, ಅವನು ಹಾಲ್‌ನ ನೆಲದ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಉರುಳುತ್ತಿದ್ದಾಗ, ಅವಳು ದೇವರ ಗೂಡಿನ ಮುಂದೆ ನಿಂತು, "ನಂಜುಂಡಾ, ಇವರ ಕಲ್ಲು ಇಳಿಸು, ನಿನ್ನ ಸನ್ನಿಧಿಗೆ ಕರ್ಕೊಂಡು ಬಂದು ಇವರ ಮುಡಿ ಕೊಡಿಸ್ತೀನಿ," ಎಂದು ಹರಕೆ ಹೊತ್ತಿದ್ದಳು. ಕಲ್ಲು ಬೆಳಗಾಗುವಷ್ಟರಲ್ಲಿ ಇಳಿದಿತ್ತು.

"ಹರಕೆ ಹೊತ್ತಿದ್ದು ನೀನು. ಹಾಗಾಗಿ ತಲೆ ನಿಂದೇ ಆಗ್ಬೇಕು."

"ಕಲ್ಲು ಯಾರದ್ದು?"

"ನನ್ನದು..."

"ಹಾಗಾದ್ರೆ ಆ ಕಲ್ಲಿದ್ದ ದೇಹದ ಮೇಲಿನ ಕೂದಲೇ ಹೋಗ್ಬೇಕು. ನನ್ನ ತಲೆ ಮಧ್ಯೆ ಯಾಕೆ ಬರತ್ತೆ?"

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ಸಿಂಧು. ಒಬ್ಬರ ಸೊತ್ತನ್ನ ಇನ್ನೊಬ್ಬರು ಹೀಗೆ ಬರೆದುಕೊಡೋ ಹಾಗಿಲ್ಲ."

"ಕೇಳೋ ಸ್ಥಿತೀಲಿ ನೀವೆಲ್ಲಿದ್ರಿ? 'ಅಯ್ಯಯ್ಯೋ' ಬಿಟ್ರೆ ಇನ್ನೊಂದು ಪದ ಬರ್ತಿರಲಿಲ್ಲ ಬಾಯಲ್ಲಿ."

"ಎರಡು ವರ್ಷದಿಂದ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬರ್ತಿದ್ರಾ?"

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಒಂದೇ ಇದ್ದುದರಿಂದ ನರಹರಿ ಅದನ್ನು ಹೇಳಲಿಲ್ಲ. ಬದಲಿಗೆ ಅವನೊಳಗಿದ್ದ ಅರ್ಥಶಾಸ್ತ್ರಜ್ಞ ಎಚ್ಚೆತ್ತ. ಕೊಡಲೇಬೇಕಾಗಿ ಬಂದ ವಸ್ತುವಿಗೆ ಒಳ್ಳೆಯ ಬೆಲೆ ಪಡೆಯುವುದೇ ಜಾಣತನ. ಇದನ್ನು ಅವನು ಪ್ರತಿ ವರ್ಷ ಮೊದಲ ಸೆಮಿಸ್ಟರಿನಲ್ಲಿ ಪಾಠ ಮಾಡುತ್ತಾನೆ.

"ಆಯ್ತು, ಕೊಡ್ತೀನಿ," ಎಂದ. "ಆದ್ರೆ ಒಂದು ಷರತ್ತು. ತಲೆ ಬೋಳಿಸಿದ ಕ್ಷಣದಿಂದ ಹೊತ್ತು ಮುಳುಗೋವರೆಗೂ ನಾನು ಏನು ತಿಂತೀನಿ, ಎಷ್ಟು ತಿಂತೀನಿ ಅನ್ನೋದನ್ನ ನೀನು ನೋಡಬಾರದು. 'ಸಾಕು' ಅನ್ನೋ ಶಬ್ದ ನಿನ್ನ ಬಾಯಿಂದ ಬರಬಾರದು. ಆ ಥರ ಕಣ್ಣು ಬಿಡೋದೂ ಕೂಡದು, ಈಗ ಬಿಡ್ತಿದ್ದೀಯಲ್ಲ, ಆ ಥರ."

ಸಿಂಧು ಗೋಪುರದ ಕಡೆ ನೋಡಿದಳು. ಗಂಡನ ಹೊಟ್ಟೆಯ ಕಡೆ ನೋಡಿದಳು. ಹರಕೆಯ ಭಾರ ಹೆಚ್ಚೆನಿಸಿರಬೇಕು.

"ಒಪ್ಪಿದೆ. ಬಡಿಸೋರು ಬಡಿಸಲಿ, ತಿನ್ನೋರು ತಿನ್ನಲಿ. ಇವತ್ತು ನಾನು ಕೈ ಅಡ್ಡ ಇಡಲ್ಲ. ನಂಜುಂಡನ ಆಣೆ."

ಹೀಗೆ ಆ ಐತಿಹಾಸಿಕ ಒಪ್ಪಂದವಾಯಿತು. ಮುಡಿಯ ಕಟ್ಟೆಯಲ್ಲಿ ಚಿಕ್ಕಸ್ವಾಮಿ ಎಂಬ ಕ್ಷೌರಿಕ ನರಹರಿಯ ತಲೆಯ ಮೇಲೆ ತಣ್ಣೀರು ಸುರಿದು, "ತಲೆ ಬಗ್ಸಿ ಸಾ," ಎಂದ. ನರಹರಿ ಬಗ್ಗಿಸಿದ. ನಲವತ್ತೊಂಬತ್ತು ವರ್ಷದ ಬಂಡವಾಳ ಐದು ನಿಮಿಷದಲ್ಲಿ ಮಡಿಲಿಗೆ ಬಿತ್ತು. ಕೆಲಸ ಮುಗಿದ ಮೇಲೆ ಚಿಕ್ಕಸ್ವಾಮಿ ಕನ್ನಡಿ ಹಿಡಿದ. ಅದರೊಳಗೆ ಒಂದು ಮೀಸೆ ಮಾತ್ರ ಪರಿಚಿತವಾಗಿತ್ತು. ಕಟ್ಟಡ ಕೆಡವಿದ ಮೇಲೂ ಬೋರ್ಡು ಹಾಗೇ ಉಳಿದಂತೆ ಅದು ಅಲ್ಲಿ ತೂಗಾಡುತ್ತಿತ್ತು.

"ಇದು ಚೆನ್ನಾಗಿ ಕಾಣ್ತಿಲ್ಲ. ಮೀಸೆನೂ ತೆಗೆದುಬಿಡಪ್ಪ," ಎಂದ ನರಹರಿ.

"ಅರಕೆಗೆ ಮೀಸೆ ಬ್ಯಾಡ ಸಾ. ಮಡಿಕಳಿ, ಅಂಗೇ ಇರ್ಲಿ."

"ಒಂದಕ್ಕೊಂದು ಹೊಂದಬೇಕಲ್ಲಪ್ಪ. ತೆಗಿ, ತೆಗಿ."

ಚಿಕ್ಕಸ್ವಾಮಿ ಒಮ್ಮೆ ಸಿಂಧುವಿನ ಮುಖ ನೋಡಿ, ಮೀಸೆ ತೆಗೆದ. ಈ ಅಲಂಕಾರಪ್ರಜ್ಞೆಯೇ ಮುಂದಿನ ಎಲ್ಲ ಅನಾಹುತಕ್ಕೂ ಮೂಲವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಕಪಿಲೆಯಲ್ಲಿ ಮುಳುಗೆದ್ದು, ಗಂಧ ಮೆತ್ತಿಕೊಂಡು, ಪಂಚೆ ಉಟ್ಟು, ಉತ್ತರೀಯ ಹೊದ್ದು ದೇವಸ್ಥಾನದ ಸಾಲಿನಲ್ಲಿ ನಿಂತಾಗ ನರಹರಿಗೆ ವಿಚಿತ್ರವಾದ ಸಮಾಧಾನವಾಯಿತು. ಮುಂದೆ ಬೋಳು ತಲೆ, ಹಿಂದೆ ಬೋಳು ತಲೆ, ತಾಯಂದಿರ ಹೆಗಲ ಮೇಲೆ ಪುಟ್ಟ ಪುಟ್ಟ ಬೋಳು ತಲೆಗಳು. ಬಡವ ಬಲ್ಲಿದರೆಂಬ ಭೇದವಿಲ್ಲದ ಆ ಮಹಾಸಭೆಯಲ್ಲಿ ಅವನ ತಲೆಯನ್ನು ತಿರುಗಿ ನೋಡುವವರೇ ಇರಲಿಲ್ಲ. ದರ್ಶನ ಚೆನ್ನಾಗಿ ಆಯಿತು. ಸಿಂಧು ಕಣ್ಣುಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಹೊಸ ಹರಕೆಯೇನಾದರೂ ಹೊರುತ್ತಿರಬಹುದೆಂದು ನರಹರಿ ಅವಳನ್ನು ಮೆಲ್ಲಗೆ ಮೊಣಕೈಯಿಂದ ತಿವಿದ.

ಹೊರಗೆ ಬಂದಾಗ ಎರಡು ಸಣ್ಣ ಸಂಗತಿಗಳು ನಡೆದವು. ಮೊದಲನೆಯದು, ಬ್ಯಾಗಿನಲ್ಲಿದ್ದ ನರಹರಿಯ ಪ್ಯಾಂಟು ಶರ್ಟುಗಳ ಮೇಲೆ ಒದ್ದೆ ಟವೆಲನ್ನು ಹಿಂಡದೆ ಇಟ್ಟದ್ದರಿಂದ ಅವೆರಡೂ ನೆನೆದುಹೋಗಿ, ಅವನು ಪಂಚೆ ಉತ್ತರೀಯದಲ್ಲೇ ಮುಂದಿನ ಪಯಣ ಮಾಡಬೇಕಾಯಿತು. ಎರಡನೆಯದು, ನಾಮಕರಣದ ಮಗುವಿಗೆ ಪ್ರೋಕ್ಷಣೆ ಮಾಡಲು ಕಪಿಲೆಯ ನೀರು ಬೇಕೆಂದು ಸಿಂಧು ಅಂಗಡಿಯಲ್ಲಿ ಒಂದು ಮಣ್ಣಿನ ಕುಡಿಕೆ ಕೊಂಡು, ಅರ್ಧ ತುಂಬಿಸಿ, ಬಾಯಿಗೆ ಹೊಸ ಬಿಳಿ ಬಟ್ಟೆ ಕಟ್ಟಿದಳು. ಉಳಿದರ್ಧಕ್ಕೆ ನರಸೀಪುರದ ಸಂಗಮದ ನೀರು ಬೆರೆಸುವುದೆಂದು ಅವಳ ಯೋಜನೆ.

"ಈಗ ತಿಂಡಿ ತಿನ್ನಿ. ನಾನು ಆ ಕಡೆ ತಿರುಗಿ ಕೂತ್ಕೋತೀನಿ," ಎಂದಳು.

ಆದರೆ ನರಹರಿ ಬರೀ ಒಂದು ಕಾಫಿ ಕುಡಿದು ಸುಮ್ಮನಾದ. ಸಿಂಧು ಎರಡು ಇಡ್ಲಿ ಒಂದು ವಡೆ ತಿಂದಳು. ಅವನ ಮನಸ್ಸು ನರಸೀಪುರದಲ್ಲಿತ್ತು. ಅಲ್ಲಿಯ ಹೈಸ್ಕೂಲಿನಲ್ಲಿ ಅವನ ತಂದೆ ಶ್ಯಾಮರಾಯರು ಲೆಕ್ಕದ ಮೇಷ್ಟರಾಗಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮಗನ ಕೈ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಮೊದಲು ಈರುಳ್ಳಿ ದೋಸೆ, ಆಮೇಲೆ ಬಿಸಿ ಕಾಯಿ ಒಬ್ಬಟ್ಟು, ಅದರ ಮೇಲೆ ಸೌಟಿನಿಂದ ತುಪ್ಪ. ಹತ್ತು ವರ್ಷದವನಾಗಿದ್ದಾಗ ತಂದೆಗೆ ಮೈಸೂರಿಗೆ ವರ್ಗವಾಯಿತು. ಆ ಒಬ್ಬಟ್ಟು ಅಲ್ಲೇ ಉಳಿಯಿತು. ಈಗಲೂ ಹೋಟೆಲು ನಡೆಯುತ್ತಿದೆಯೆಂದು, ಒಬ್ಬಟ್ಟು ಹಾಗೇ ಇದೆಯೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು.

"ಮೊದಲ ತುತ್ತಿನಲ್ಲಿ ಸಿಗೋ ತೃಪ್ತಿ ಎರಡನೇದರಲ್ಲಿ ಇರಲ್ಲ ಸಿಂಧು. ಇಳಿಮುಖ ತುಷ್ಟಿಗುಣ ಅಂತ. ಹಸಿದ ಹೊಟ್ಟೆಯ ಮೊದಲ ತುತ್ತನ್ನ ಇಡ್ಲಿ ಮೇಲೆ ಯಾರಾದ್ರೂ ವ್ಯರ್ಥ ಮಾಡ್ತಾರಾ?"

"ನಿಮ್ಮ ಹೊಟ್ಟೆ, ನಿಮ್ಮ ಶಾಸ್ತ್ರ," ಎಂದು ಸಿಂಧು ಅವನ ಪಾಲಿನ ಚಟ್ನಿಯನ್ನೂ ಮುಗಿಸಿದಳು.

ಸುತ್ತೂರಿನ ಕಡೆಯ ದಾರಿ ಹಿಡಿದು ಹೋಗುವಾಗ ಬಿಸಿಲು ಏರಿತು. ರಸ್ತೆ ಬದಿಯ ಹೊಂಗೆಮರದ ಕೆಳಗೆ ಮಲ್ಲಾಜಮ್ಮ ಎಂಬಾಕೆ ಕಬ್ಬಿನ ಹಾಲು ಮಾರುತ್ತಿದ್ದಳು. ಪಕ್ಕದಲ್ಲಿ ಎಳನೀರಿನ ರಾಶಿ. ನರಹರಿ ಒಪ್ಪಂದದ ಮೊದಲ ಕಂತನ್ನು ವಸೂಲು ಮಾಡಿಕೊಳ್ಳಲು ಇಳಿದ.

"ಕಬ್ಬಿನ ಹಾಲು, ದೊಡ್ಡ ಲೋಟ. ಐಸ್ ಬೇಡ."

ಮಲ್ಲಾಜಮ್ಮ ಅವನ ಬೋಳು ತಲೆ ನೋಡಿದಳು, ಮೀಸೆಯಿಲ್ಲದ ಮೇಲ್ದುಟಿ ನೋಡಿದಳು, ಬಿಳಿ ಪಂಚೆ ನೋಡಿದಳು. ಗಾಣ ತಿರುಗಿಸುವ ಕೈ ನಿಂತಿತು.

"ಈಗ ಸೀ ಬ್ಯಾಡ ಸಾ ನಿಮ್ಗೆ. ಎಳನೀರ್ ಕೊಚ್ ಕೊಡ್ತೀನಿ, ಕುಡೀರಿ, ಒಟ್ಟೆ ತಣ್ಣಗಾಯ್ತದೆ." ಎಳನೀರು ಕೈಗಿಟ್ಟು, ದನಿ ತಗ್ಗಿಸಿ, "ಮನ್ಸ್ ಗಟ್ಟಿ ಮಾಡ್ಕಳಿ ಸಾ. ಎಲ್ಲಾರ್ಗೂ ಒಂದಿನ ಇದ್ದದ್ದೇ. ಅತ್ರೆ ಓಗಿದ್ದು ವಾಪಸ್ ಬಂದದಾ?" ಎಂದಳು.

ನರಹರಿ ಎಳನೀರನ್ನು ಒಂದೇ ಉಸಿರಿಗೆ ಕುಡಿದು ಮುಗಿಸಿದ. ಕಾರಿಗೆ ಮರಳಿ, "ನೋಡಿದ್ಯಾ? ಹಳ್ಳಿ ಹೆಂಗಸು. ಕೂದಲು ಕಳ್ಕೊಂಡ ಗಂಡಸಿನ ಸಂಕಟ ಆಕೆಗೆ ಅರ್ಥ ಆಯ್ತು. ಕಟ್ಕೊಂಡ ಹೆಂಡ್ತಿಗೆ ಆಗ್ಲಿಲ್ಲ," ಎಂದ.

ಸಿಂಧು ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡುತ್ತಿದ್ದಳು. ಅವಳ ಭುಜ ಎರಡು ಸಲ ಅಲುಗಿತು.

"ಏನಾಯ್ತು?"

"ಏನಿಲ್ಲ. ಬಿಸಿಲಿಗೆ ಕಣ್ಣಲ್ಲಿ ನೀರು."

ನರಸೀಪುರದ ಸಂಗಮದಲ್ಲಿ ಕಾವೇರಿಯೂ ಕಪಿಲೆಯೂ ಸದ್ದಿಲ್ಲದೆ ಒಂದಾಗುತ್ತಿದ್ದವು. ಮರಳ ದಂಡೆ, ನಿಂತ ದೋಣಿಗಳು, ಅರಳಿಮರದ ನೆರಳು. ಎಷ್ಟೋ ವರ್ಷದ ಮೇಲೆ ಬಂದ ನರಹರಿ ಹೃದಯ ತುಂಬಿ ಮೆಟ್ಟಿಲಿಳಿದ. ನೀರು ತುಳುಕದಿರಲೆಂದು ಬಿಳಿ ಬಟ್ಟೆ ಕಟ್ಟಿದ ಕುಡಿಕೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದ. ಹಿಂದೆ ಸಿಂಧು, ಬಿಸಿಲಿಗೆ ಸೆರಗು ತಲೆಯ ಮೇಲೆಳೆದುಕೊಂಡು, ಮುಖ ತಗ್ಗಿಸಿ ನಡೆಯುತ್ತಿದ್ದಳು. ಅರಳಿಮರದ ಕೆಳಗೆ ಇಸ್ಪೀಟು ಆಡುತ್ತಿದ್ದವರು ಎಲೆ ಮುಚ್ಚಿಟ್ಟು ಎದ್ದು ನಿಂತರು. ಒಬ್ಬ ಬೀಡಿ ಆರಿಸಿದ. ಊರಿನವರ ವಿನಯ ನರಹರಿಗೆ ಬಹಳ ಮೆಚ್ಚಿಗೆಯಾಯಿತು.

ದೋಣಿಯ ಪುಟ್ಟರಾಜು ಹತ್ತಿರ ಬಂದು ಕೈಕಟ್ಟಿ ನಿಂತ. "ನಡೂಕ್ ಕರ್ಕೊಂಡೋಯ್ತೀನಿ ಬನ್ನಿ ಸಾ. ಅಲ್ ಬುಟ್ರೆ ಒಳ್ಳೇದು."

"ಬಿಡೋಕಲ್ಲಪ್ಪ ಬಂದಿರೋದು. ತುಂಬ್ಕೊಳ್ಳೋಕೆ."

ಪುಟ್ಟರಾಜು ದಂಡೆಯಲ್ಲಿದ್ದ ಪುರೋಹಿತರತ್ತ ನೋಡಿದ. ದರ್ಭೆಯ ಕಟ್ಟು ಹಿಡಿದಿದ್ದ ವೃದ್ಧ ಪುರೋಹಿತರು ಮೆಲ್ಲನೆ ಬಂದರು.

"ಎಷ್ಟನೇ ದಿನ?"

"ಇವತ್ತು ಬೆಳಿಗ್ಗೆಯಷ್ಟೇ ಹೊರಟ್ವಿ. ನಾಳೆ ಕೊಳ್ಳೇಗಾಲದಲ್ಲಿ ನಾಮಕರಣ ಇದೆ," ಎಂದ ನರಹರಿ.

ಪುರೋಹಿತರು ಎರಡು ಹೆಜ್ಜೆ ಹಿಂದೆ ಸರಿದರು. "ಮೈಲಿಗೆಯಲ್ಲಿ ನಾಮಕರಣಕ್ಕೆ ಹೋಗ್ತೀರಾ? ಓದಿದವರ ಹಾಗೆ ಕಾಣ್ತೀರಿ! ಕುಡಿಕೆಯಲ್ಲಿರೋದು ಯಾರು?"

"ಕಪಿಲಾ."

"ತಾಯಿಯವರೋ?"

ಆಗ, ಆ ನಡುಬಿಸಿಲಿನಲ್ಲಿ, ಎರಡು ನದಿಗಳ ಸಾಕ್ಷಿಯಾಗಿ, ನರಹರಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಬೋಳು ತಲೆ, ತೆಗೆದ ಮೀಸೆ, ಬಿಳಿ ಪಂಚೆ, ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆ. ನಂಜನಗೂಡಿನಲ್ಲಿ ಯಾರೂ ತಿರುಗಿ ನೋಡದ ವೇಷ, ಅಸ್ಥಿ ಬಿಡಲು ಜನ ಬರುವ ಈ ಸಂಗಮದಲ್ಲಿ ಒಂದೇ ಒಂದು ಅರ್ಥವನ್ನು ಸಾರುತ್ತಿತ್ತು: ಈ ಮನುಷ್ಯ ಹೆತ್ತವರನ್ನು ಕಳೆದುಕೊಂಡಿದ್ದಾನೆ.

"ಇಲ್ಲ, ಇಲ್ಲ! ನಮ್ಮಮ್ಮ ಇದ್ದಾರೆ! ಅಪ್ಪನೂ ಇದ್ದಾರೆ! ಇದು ಹರಕೆ! ನಂಜನಗೂಡು! ಇದರಲ್ಲಿರೋದು ನೀರು!" ಎಂದು ಬಟ್ಟೆ ಬಿಚ್ಚಿ ತೋರಿಸಿದ. ಪುರೋಹಿತರು ಇಣುಕಿ ನೋಡಿ, "ಮೀಸೆ ಯಾಕೆ ತೆಗೆಸಿದ್ರಿ ಸ್ವಾಮಿ?" ಎಂದರು. ಅಂದಕ್ಕೆ ಎನ್ನುವ ಬದಲು ನರಹರಿ ಬಗ್ಗಿ ಕುಡಿಕೆಗೆ ಸಂಗಮದ ನೀರು ತುಂಬಿಸಿಕೊಂಡ.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯ ಕಡೆ ತಿರುಗಿದ.

"ಎಳನೀರು ಕುಡಿದಾಗ್ಲಿಂದ."

"ಹೇಳಬಾರದಿತ್ತಾ?"

"ಅಷ್ಟು ಹೆಮ್ಮೆಯಿಂದ ಸಂತಾಪ ತಗೋತಾ ಇದ್ರಿ. ಯಾಕೆ ಕೆಡಿಸ್ಲಿ ಅಂತ," ಎಂದು ಸಿಂಧು ಮೆಟ್ಟಿಲ ಮೇಲೆ ಕುಳಿತು, ಇಷ್ಟು ಹೊತ್ತೂ ಕೂಡಿಟ್ಟಿದ್ದ ನಗುವನ್ನೆಲ್ಲ ಒಮ್ಮೆಗೇ ಖರ್ಚು ಮಾಡಿದಳು. ಪುಟ್ಟರಾಜು ಮುಖ ತಿರುಗಿಸಿ ನಕ್ಕ. ಪುರೋಹಿತರೂ ದರ್ಭೆಯನ್ನು ಬಾಯಿಗೆ ಅಡ್ಡ ಹಿಡಿದರು.

ಗುಂಜಾ ನರಸಿಂಹಸ್ವಾಮಿಯ ದೇವಸ್ಥಾನದಲ್ಲಿ ದರ್ಶನ ಮಾಡಿದ್ದೂ ಆಯಿತು. ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆಂಬ ನಂಬಿಕೆಯನ್ನು ಸಿಂಧು ಭಕ್ತಿಯಿಂದ ವಿವರಿಸಿದಳು. ಗುಲಗಂಜಿಯ ತೂಕ ಯಾರಿಗೆ ಬೇಕಿತ್ತು? ಬೆಳಗಿನಿಂದ ಒಂದು ಕಾಫಿ, ಒಂದು ಎಳನೀರಿನ ಮೇಲಿದ್ದ ನರಹರಿಗೆ ಕಂಬಗಳ ಕೆತ್ತನೆಯೂ ಮಡಿಸಿಟ್ಟ ಒಬ್ಬಟ್ಟಿನಂತೆ ಕಾಣುತ್ತಿತ್ತು.

ಹೋಟೆಲು ಇತ್ತು! ಅದೇ ಜಾಗ, ಅದೇ ಕಲ್ಲಿನ ಮೇಜು. ಒಳಗೆ ಹೋಗುವ ಮುನ್ನ ನರಹರಿ ಮುನ್ನೆಚ್ಚರಿಕೆಯಾಗಿ ಉತ್ತರೀಯವನ್ನು ತಲೆಯ ಮೇಲೆ ಹೊದ್ದುಕೊಂಡ. (ಬೋಳು ತಲೆ ಮುಚ್ಚಿತು ನಿಜ, ಆದರೆ ನಡುಹಗಲಿನಲ್ಲಿ ಬಿಳಿ ಬಟ್ಟೆಯ ಮುಸುಕು ಹಾಕಿಕೊಂಡ ಮನುಷ್ಯ ಇನ್ನೂ ದೊಡ್ಡ ದುಃಖದಲ್ಲಿರುವವನಂತೆ ಕಾಣುತ್ತಾನೆಂಬುದು ಅವನಿಗೆ ಹೊಳೆಯಲಿಲ್ಲ.)

ಸಪ್ಲೈಯರ್ ರಂಗನಾಯಕ ಬಂದ. ಇತರ ಮೇಜುಗಳ ಮೇಲೆ ಗಟ್ಟಿಯಾಗಿ ಕೂಗುತ್ತಿದ್ದವನು ಈ ಮೇಜಿನ ಬಳಿ ಪಿಸುಗುಟ್ಟಿದ. "ಏನ್ ತರ್ಲಿ ಸಾ?"

"ಎರಡು ಈರುಳ್ಳಿ ದೋಸೆ. ಆಮೇಲೆ ಕಾಯಿ ಒಬ್ಬಟ್ಟು. ಮೂರರಿಂದ ಶುರು ಮಾಡೋಣ. ತುಪ್ಪ ಕೈ ಬಿಚ್ಚಿ ಹಾಕ್ಬೇಕು."

"ಅಮ್ಮಾರ್ಗಾ ಸಾ?"

"ನನಗಪ್ಪ."

ರಂಗನಾಯಕ ಒಂದು ಹೆಜ್ಜೆ ಮುಂದಿಟ್ಟ, ಎರಡು ಹೆಜ್ಜೆ ಹಿಂದಿಟ್ಟ, ಗಲ್ಲಾದ ಬಳಿ ಹೋಗಿ ಯಜಮಾನ ಶಿವಮೂರ್ತಿಯ ಕಿವಿಯಲ್ಲಿ ಏನೋ ಉಸುರಿದ. ಹಣೆಯ ತುಂಬ ವಿಭೂತಿ ಧರಿಸಿದ್ದ, ಅರವತ್ತರ ಆಸುಪಾಸಿನ ಶಿವಮೂರ್ತಿ ಎದ್ದು ಬಂದು ನರಹರಿಯ ಮುಖವನ್ನು ದಿಟ್ಟಿಸಿದ.

"ಈ ಮೂಗು... ಲೆಕ್ಕದ ಮೇಷ್ಟ್ರು ಶ್ಯಾಮರಾಯ್ರ ಮಗ ಅಲ್ವಾ ನೀವು? ನಾನು ಶಿವಮೂರ್ತಿ. ಮೇಷ್ಟ್ರ ತಾವೇ ಓದಿದ್ದು."

"ಹೌದು! ನಾನೇ!" ಎಂದ ನರಹರಿ, ಈ ಸಂಬಂಧದ ಬಲದಿಂದ ಇನ್ನೊಂದು ಸೌಟು ತುಪ್ಪ ಬೀಳುವುದು ಖಂಡಿತವೆಂದು ಹಿಗ್ಗುತ್ತ.

ಶಿವಮೂರ್ತಿಯ ಕಣ್ಣು ತುಂಬಿ ಬಂತು. ನರಹರಿಯ ಎರಡೂ ಕೈ ಹಿಡಿದುಕೊಂಡ. "ಓಗ್ಬುಟ್ರಾ ಮೇಷ್ಟ್ರು! ಎಂಥಾ ಮನುಷ್ಯ! ಒಂದು ಮಾತು ತಿಳಿಸ್ಬಾರ್ದಾಗಿತ್ತಾ? ಲೋ, ಆ ಟಿವಿ ಆರ್ಸ್ರೋ! ನಿಮ್ಮೋರ ಪದ್ಧತಿ ನಂಗೊತ್ತದೆ ಸಾ, ಈರುಳ್ಳಿ ಬ್ಯಾಡ, ಸೀ ಬ್ಯಾಡ. ರಂಗನಾಯ್ಕ, ಒಗ್ಗರಣೆ ಇಲ್ದೆ ಒಂದೀಟ್ ಅನ್ನ ಸಾರು ಮಾಡ್ಸ್ಲಾ ಅವ್ರಿಗೆ."

"ಅಯ್ಯೋ, ಇಲ್ಲ ಶಿವಮೂರ್ತಿಯವರೇ! ಅಪ್ಪ ಇದ್ದಾರೆ! ಮೈಸೂರಲ್ಲಿ, ತಂಗಿ ಮನೇಲಿ, ಈಗ ಪೇಪರ್ ಓದ್ತಾ ಇರ್ತಾರೆ!"

ಶಿವಮೂರ್ತಿ ಮಮತೆಯಿಂದ ಅವನ ಬೆನ್ನು ನೇವರಿಸಿದ. "ಅಂಗೇ ಅನ್ನುಸ್ತದೆ ಸಾ. ನಮ್ಮಪ್ಪ ತೀರ್ಕಂಡಾಗ್ಲೂವೆ ಆರ್ ತಿಂಗ್ಳು ಅವ್ರೆ, ಒಳಗ್ ಅವ್ರೆ, ಅಂತ್ಲೇ ಇದ್ದೆ ನಾನು."

"ಸಿಂಧು, ನೀನಾದ್ರೂ ಹೇಳೇ!"

"ಇದು ಊಟದ ವಿಚಾರ. ಊಟದ ವಿಚಾರಕ್ಕೆ ಇವತ್ತು ನಾನು ಬಾಯಿ ಹಾಕೋ ಹಾಗಿಲ್ಲ," ಎಂದಳು ಸಿಂಧು, ಒಪ್ಪಂದದ ಒಂದಕ್ಷರವನ್ನೂ ಮೀರದೆ.

ನರಹರಿ ಮೊಬೈಲು ತೆಗೆದು, ತಂದೆಗೆ ಕರೆ ಮಾಡಿ, ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟ. ಊಟಕ್ಕೆ ಕುಳಿತಿದ್ದವರೆಲ್ಲ ಅನ್ನ ಕಲೆಸುವುದನ್ನು ನಿಲ್ಲಿಸಿದರು. ರಿಂಗಾಯಿತು, ಮತ್ತೆ ರಿಂಗಾಯಿತು. ಅಪ್ಪ ಇಂದೇ, ಈ ಕ್ಷಣವೇ ಫೋನೆತ್ತದಿದ್ದರೆ ತನ್ನ ಗತಿಯೇನು ಎಂದು ನರಹರಿ ಕಂಗಾಲಾದ.

"ಯಾರದು?" ಎಂದಿತು ಪರಲೋಕವಾಸಿಯೆಂದು ಘೋಷಿತವಾಗಿದ್ದ ಕಂಠ.

"ಅಪ್ಪ, ನಾನು ನರಹರಿ. ನೀವು ಇದ್ದೀರಿ ಅಂತ ಸ್ವಲ್ಪ ಹೇಳಿ."

"ಇಲ್ದೆ ಏನು? ಯಾರಿಗೆ ಹೇಳಬೇಕು?"

"ನರಸೀಪುರದ ಹೋಟೆಲ್ ಶಿವಮೂರ್ತಿಯವರಿಗೆ."

"ಯಾವ ಶಿವಮೂರ್ತಿ? ಹದಿಮೂರರ ಮಗ್ಗಿ ತಪ್ಪುತ್ತಿದ್ದ ಶಿವಮೂರ್ತಿನಾ?"

ಶಿವಮೂರ್ತಿ ತಟ್ಟನೆ ಸೆಟೆದು ನಿಂತು ಕೈಕಟ್ಟಿದ. "ಅದೇ ಸಾ! ನಾನೇ ಸಾ!"

"ಹದಿಮೂರೇಳ್ಲೆ ಎಷ್ಟೋ?"

"ತೊಂ... ತೊಂಬತ್ತೊಂದು ಸಾ!"

"ಈಗ ಬಂತು. ಆಗ ಬರಬೇಕಿತ್ತು."

ಇನ್ನು ಪುರಾವೆ ಏನು ಬೇಕು? ಶಿವಮೂರ್ತಿ ಕಣ್ಣೊರೆಸಿಕೊಂಡು ನಕ್ಕ, ಹೋಟೆಲಿನಲ್ಲಿದ್ದವರೆಲ್ಲ ನಕ್ಕರು, ಟಿವಿ ಹಾಡತೊಡಗಿತು. "ಏಯ್ ರಂಗನಾಯ್ಕ, ದೋಸೆ ಉಯ್ಯಕ್ ಏಳ್ಲಾ! ಅಷ್ಟರಗಂಟ ಒಬ್ಬಟ್ ತತ್ತಾ ಮೊದ್ಲು! ಬಾಣ್ಲೆ ತುಪ್ಪ ಎಲ್ಲ ತತ್ತಾ!" ಬಾಳೆಯೆಲೆ ಬಂತು. ಅದರ ಮೇಲೆ ಕಾಯಿ ಒಬ್ಬಟ್ಟು ಬಂದು ಕುಳಿತಿತು: ಬಿಸಿ, ಎಳೆ ಕೆಂಪು, ಅಂಚಿನಲ್ಲಿ ಸಣ್ಣಗೆ ಹರಿದು ಬೆಲ್ಲದ ಹೂರಣ ಇಣುಕುತ್ತಿತ್ತು. ಶಿವಮೂರ್ತಿ ತನ್ನ ಕೈಯಾರೆ ತುಪ್ಪ ಸುರಿದ. ಏಲಕ್ಕಿಯ ಪರಿಮಳಕ್ಕೆ ನರಹರಿಯ ವಯಸ್ಸು ಹತ್ತಕ್ಕಿಳಿಯಿತು. ಒಂದು ತುಂಡು ಮುರಿದ. ತುಪ್ಪ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯಿತು. ಕೈ ಬಾಯಿಯ ಕಡೆ ಹೊರಟಿತು.

ಮೇಜಿನ ಮೇಲಿದ್ದ ಫೋನನ್ನು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ.

"ಅದ್ಸರಿ ಶಿವಮೂರ್ತಿ," ಎಂದಿತು ಫೋನು, "ಅವನೇನು ಮಾಡ್ತಿದಾನೆ ಅಲ್ಲಿ?"

ಮೇಷ್ಟರಿಗೆ ಶಿವಮೂರ್ತಿ ಅಂದೂ ಸುಳ್ಳು ಹೇಳಿದವನಲ್ಲ. "ಕಾಯಿ ಒಬ್ಬಟ್ಟು ತಿಂತಾವ್ರೆ ಸಾ. ತುಪ್ಪ ನಾನೇ ಆಕ್ದೆ."

"ಒಬ್ಬಟ್ಟು! ಅವನಿಗೆ ಸಕ್ಕರೆ ಇದೆ ಕಣಯ್ಯಾ! ತೆಗಿ, ತೆಗಿ ಎಲೆಯಿಂದ!"

ಹೊರಟ ಕೈ ಗಾಳಿಯಲ್ಲಿ ನಿಂತಿತು. "ಅಪ್ಪ, ಇವತ್ತೊಂದು ದಿನ. ಸಿಂಧು ಒಪ್ಪಿದ್ದಾಳೆ. ಮಾತಾಗಿದೆ."

"ಅವಳು ಒಪ್ಪಿರಬಹುದು. ನಾನಿನ್ನೂ ಇದ್ದೀನಲ್ಲಯ್ಯ? ಈಗಷ್ಟೇ ನೀನೇ ನಾಲ್ಕು ಜನರ ಮುಂದೆ ಸಾಬೀತು ಮಾಡ್ದೆ. ಶಿವಮೂರ್ತಿ, ತೆಗೆದ್ಯೇನೋ?"

"ತಗ್ದೆ ಸಾ!"

ತೆಗೆದೇಬಿಟ್ಟಿದ್ದ. ಎಲೆಯ ಮೇಲಿನದನ್ನು ತೆಗೆದ. ಆಮೇಲೆ ಬಲು ಸಂಕೋಚದಿಂದ, "ಕೊಡಿ ಸಾ, ಬೇಜಾರ್ ಮಾಡ್ಕಬ್ಯಾಡಿ, ಮೇಷ್ಟ್ರ ಮಾತ್ ಮೀರಕ್ಕಾಗಲ್ಲ," ಎಂದು ನರಹರಿಯ ಬೆರಳುಗಳನ್ನು ಬಿಡಿಸಿ ಆ ತುಂಡನ್ನೂ ತೆಗೆದುಕೊಂಡ. ಅಪ್ಪ ಇಲ್ಲವೆಂದಾಗಲೂ ಒಬ್ಬಟ್ಟಿಲ್ಲ, ಇದ್ದಾರೆಂದಾಗಲೂ ಒಬ್ಬಟ್ಟಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅರ್ಥಶಾಸ್ತ್ರ ನರಹರಿಯ ನೆರವಿಗೆ ಬರಲಿಲ್ಲ.

"ದೋಸೆಗೂ ಎಣ್ಣೆ ಜಾಸ್ತಿ. ಮುದ್ದೆ ಇದ್ರೆ ಹಾಕು. ಸೊಪ್ಪಿನ ಸಾರು ಹಾಕು. ಅವನು ಮುಗಿಸೋತನಕ ಫೋನ್ ಇಡಬೇಡ," ಎಂದಿತು ಮೇಜು.

ಮುದ್ದೆ ಬಂತು. ತೆಗೆದ ಒಬ್ಬಟ್ಟನ್ನು ಹಾಳು ಮಾಡಬಾರದೆಂದು ಶಿವಮೂರ್ತಿ ಸಿಂಧುವಿನ ಎಲೆಗೆ ಬಡಿಸಿದ, ಮೇಲೆ ಇನ್ನೆರಡು ಹಾಕಿದ, ಬೇಡವೆಂದರೂ ಬಿಡದೆ ತುಪ್ಪ ಸುರಿದ. ಸಿಂಧು ನಿಧಾನವಾಗಿ, ಕಣ್ಣು ಅರೆ ಮುಚ್ಚಿ ತಿಂದಳು.

"ನಾನು ಕೈ ಅಡ್ಡ ಇಡಲಿಲ್ಲ, ನೋಡಿದ್ರಲ್ಲ?" ಎಂದಳು ಮೂರನೆಯದನ್ನು ಮುಗಿಸಿ.

ನರಹರಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಹೊತ್ತು ಮುಳುಗಲು ಇನ್ನೂ ಬೇಕಾದಷ್ಟು ಸಮಯವಿತ್ತು.

ದಿನದ ಖರ್ಚು: ಪೆಟ್ರೋಲು ಏಳುನೂರು ರೂಪಾಯಿ. ಮುಡಿಯ ಚೀಟಿ, ಚಿಕ್ಕಸ್ವಾಮಿಯ ಕೈಗೆ ಕೊಟ್ಟದ್ದು, ಹೂವು ಹಣ್ಣು ಸೇರಿ ಮುನ್ನೂರು. ನಂಜನಗೂಡಿನ ತಿಂಡಿ ಕಾಫಿ ನೂರಿಪ್ಪತ್ತು. ಕುಡಿಕೆ ಮತ್ತು ಬಟ್ಟೆ ತೊಂಬತ್ತು. ಎಳನೀರು ಐವತ್ತು. ಸಂಗಮದ ಪುರೋಹಿತರ ದಕ್ಷಿಣೆ, ಏನೂ ಮಾಡಿಸದಿದ್ದರೂ, ಐವತ್ತೊಂದು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಟೋಪಿ ನೂರೆಂಬತ್ತು. ಶಿವಮೂರ್ತಿ ಊಟಕ್ಕೆ ಹಣ ಮುಟ್ಟಲಿಲ್ಲ. ನಾಮಕರಣದ ಮನೆಗೆಂದು ಕಟ್ಟಿಸಿಕೊಟ್ಟ ಇಪ್ಪತ್ತು ಒಬ್ಬಟ್ಟಿಗೂ ಇಲ್ಲ. ಒಬ್ಬಟ್ಟಿನ ಬಾಬ್ತು ಖರ್ಚು, ಸೊನ್ನೆ.